ಯಾತ್ರಾಸಂಕಲ್ಪ

ಯಾತ್ರೆಯನ್ನು ಮುಗಿಸಿಬಂದವರು ಯಾತ್ರೆಯ ವಿಷಯವಾಗಿ ಬರೆಯುವುದು ಲೋಕರೂಢಿ. ಹೊರಡುವುದಕ್ಕೆ ಮೊದಲೇ ಬರೆಯಲು ಕುಳಿತ ನನ್ನನ್ನು ಕಂಡು ವಾಚಕ ಮಹಾಶಯರು ನಕ್ಕರೆ ನಾನು ಬೇಸರಪಡಲಾರೆನು. ಆದರೆ ಯಾವ ಕರ್ಮಕ್ಕೂ ಮೊದಲು ಸಂಕಲ್ಪವನ್ನು ಹೇಳತಕ್ಕದ್ದೆಂದು ನಮ್ಮ ಹಿರಿಯರು ವಿಧಿಸಿರುವರಷ್ಟೆ? ಯಾವ ದೇಶ, ಯಾವ ಕಾಲ, ಕರ್ತೃ ಯಾರು, ಏತಕ್ಕಾಗಿ ಎಂಬ ನಾಲ್ಕು ಸಂಗತಿಗಳನ್ನೂ ಬಾಯಿಬಿಟ್ಟು ಹೇಳಿದ ಮೇಲೆಯೇ ಮುಂದಿನ ಕಾರ್ಯ. ನನ್ನ ಈ ಸಂಕಲ್ಪದಲ್ಲಿ ನಾಲ್ಕರ ಪೈಕಿ ಒಂದು ತಪ್ಪಿಹೋಗಿತ್ತು. ಮೂರು ತಿಂಗಳ ಕಾಲ ಆ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಬಿದ್ದ ಬಗೆಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನನಗೆ ಈಗ ಅರುವತ್ತಾರು ವರ್ಷ. ಬಾಲ್ಯದಲ್ಲಿ ಮಠದ ಆಶ್ರಯದ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಅಮರ, ಶಬ್ದ, ರಘುವಂಶಗಳನ್ನು ಓದಿ, ಅನಂತರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನು. ಇಂಥವನಿಗೆ ಜಪಾನಿನ ಹುಚ್ಚು ಹಿಡಿದುದಕ್ಕೆ ಒಂದು ಕಲ್ಲು ಕಾರಣ. ಲಿಪಿಗಳ ಚರಿತ್ರೆಯನ್ನು ಕುರಿತ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ, ಎತ್ತರವಾದ ದೇವದಾರುವಿನಂಥ ಮರಗಳ ನಡುವೆ ಪಾಚಿ ಹಿಡಿದು ನಿಂತ ಒಂದು ಕಲ್ಲುಕಂಬದ ಚಿತ್ರವು ಕಣ್ಣಿಗೆ ಬಿತ್ತು. ಕೆಳಗೆ ಚೌಕ, ಅದರ ಮೇಲೆ ಗೋಲ, ಅದರ ಮೇಲೆ ಮಾಡಿನಂತೆ ಇಳಿಜಾರು, ಮತ್ತೆ ಅರ್ಧಗೋಲ, ತುದಿಯಲ್ಲಿ ಕಮಲದ ಮೊಗ್ಗಿನಂಥ ಆಕಾರ. ಒಂದೊಂದು ಭಾಗದ ಮೇಲೂ ಒಂದೊಂದು ಅಕ್ಷರ. ಚಿತ್ರದ ಕೆಳಗೆ ಜಪಾನ್ ದೇಶದ ಕೋಯಾ ಪರ್ವತ ಎಂದು ಬರೆದಿತ್ತು. ಅಕ್ಷರವು ಜಪಾನಿನದಲ್ಲ, ನಮ್ಮ ನಾಗರಿಯ ಅಕ್ಕನೋ ಚಿಕ್ಕಮ್ಮನೋ ಆಗಿರಬೇಕೆನ್ನಿಸುವ ಮುಖಚ್ಛಾಯೆ. ಕನ್ನಡಕವನ್ನು ಒರೆಸಿಕೊಂಡು ನೋಡಿದೆನು. ನಡುವಿನ ಅಕ್ಷರವು 'ರ' ಎಂದು ತಿಳಿಯಿತು. ಅದರ ಕೆಳಗಿನದು 'ವ'. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದು ಸಿದ್ಧಂ ಲಿಪಿ. ಗುಪ್ತರ ಕಾಲದ ಲಿಪಿಯಿಂದ ಕವಲೊಡೆದು, ಬೌದ್ಧ ಗ್ರಂಥಗಳ ಜೊತೆಗೆ ಚೀನಕ್ಕೆ ಹೋಗಿ, ಅಲ್ಲಿಂದ ಜಪಾನನ್ನು ಸೇರಿ, ತವರಿನಲ್ಲಿ ಮರೆತುಹೋದ ಮೇಲೂ ಅಲ್ಲಿ ಇಂದಿನವರೆಗೆ ಬಳಕೆಯಲ್ಲಿರುವುದು. ಅದನ್ನು ಅಲ್ಲಿ ನೆಲೆಗೊಳಿಸಿದವರಲ್ಲಿ ಮುಖ್ಯನು ಕೂಕಾಯ್ ಎಂಬ ಆಚಾರ್ಯನು. ಈತನು 774ರಲ್ಲಿ ಹುಟ್ಟಿ, 804ರಲ್ಲಿ ಸಮುದ್ರವನ್ನು ದಾಟಿ ಚೀನದ ರಾಜಧಾನಿಗೆ ಹೋಗಿ, ಅಲ್ಲಿದ್ದ ಪ್ರಜ್ಞನೆಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತವನ್ನು ಕಲಿತು, 806ರಲ್ಲಿ ಹಿಂದಿರುಗಿದನು. ಹತ್ತು ವರ್ಷಗಳ ತರುವಾಯ ಚಕ್ರವರ್ತಿಯಿಂದ ಕೋಯಾ ಬೆಟ್ಟವನ್ನು ದಾನವಾಗಿ ಪಡೆದು ಅಲ್ಲಿ ಮಠವನ್ನು ಕಟ್ಟಿದನು. ಕಲ್ಲಿನ ಮೇಲಿನ ಐದು ಅಕ್ಷರಗಳು ಪಂಚಭೂತಗಳ ಬೀಜಗಳು: ಕೆಳಗಿನಿಂದ ಮೇಲಕ್ಕೆ ಅ ಎಂದರೆ ಪೃಥ್ವಿ, ವ ಎಂದರೆ ಜಲ, ರ ಎಂದರೆ ಅಗ್ನಿ, ಹ ಎಂದರೆ ವಾಯು, ಖ ಎಂದರೆ ಆಕಾಶ. ನಾವು ಭೂತಶುದ್ಧಿಯಲ್ಲಿ ಹೇಳುವ ಲಂ, ವಂ, ರಂ, ಯಂ, ಹಂ ಎಂಬ ಕ್ರಮವನ್ನು ಬಲ್ಲವರು ಇದನ್ನು ಅದರೊಡನೆ ಹೋಲಿಸಿ ನೋಡಬಹುದು. ನೀರೂ ಬೆಂಕಿಯೂ ಇಬ್ಬರಿಗೂ ಒಂದೇ. ನಮಗೆ ಆಕಾಶವಾದ ಹಕಾರವು ಅವರಿಗೆ ಗಾಳಿ. ಆಕಾಶಕ್ಕೆ ಅವರು 'ಖ' ಎನ್ನುತ್ತಾರೆ. ಅಮರವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಐದು ವರ್ಷ ಪಾಠಶಾಲೆಯ ಜಗಲಿಯಲ್ಲಿ ತೂಕಡಿಸುತ್ತ ಕಲಿತುದು ಆರು ಸಾವಿರ ಕಿಲೋಮೀಟರಿನಷ್ಟು ದೂರದ ಬೆಟ್ಟದ ಮೇಲೆ ಕಲ್ಲಾಗಿ ನಿಂತಿದೆ ಎಂದ ಮೇಲೆ ಅದನ್ನು ಒಮ್ಮೆ ಮುಟ್ಟಿ ನೋಡದೆ ಸಾಯುವುದು ಹೇಗೆ?

ಜಪಾನೀ ಅಕ್ಷರಮಾಲೆಯನ್ನು ಕಲಿಯತೊಡಗಿದಾಗ ನನಗೆ ಇನ್ನೊಂದು ಸಂತೋಷವು ಕಾದಿತ್ತು. ಅವರ 'ಕಾನ' ಅಕ್ಷರಗಳನ್ನು ಜೋಡಿಸಿರುವ ಕ್ರಮ ಹೀಗೆ: ಅ, ಇ, ಉ, ಎ, ಒ; ಅನಂತರ ಕ, ಸ, ತ, ನ, ಹ, ಮ, ಯ, ರ, ವ. ಸುಮಾರು ಸಾವಿರ ವರ್ಷಗಳ ಹಿಂದೆ ಸಂಸ್ಕೃತ ವರ್ಣಮಾಲೆಯನ್ನು ಬಲ್ಲ ಭಿಕ್ಷುಗಳು ಮಾಡಿದ ಏರ್ಪಾಟು ಇದು. ಚವರ್ಗದ ಸ್ಥಾನದಲ್ಲಿ ಸಕಾರವು ಕುಳಿತಿದೆ. ಪವರ್ಗದ ಸ್ಥಾನದಲ್ಲಿ ಹಕಾರವು ಏಕೆ ಬಂದಿತೆಂದರೆ, ಅವರ ಹಕಾರವು ಪೂರ್ವದಲ್ಲಿ ಪಕಾರವಾಗಿತ್ತು. 'ಪಾಲು' ಹಾಲಾದುದನ್ನೂ 'ಪೂವು' ಹೂವಾದುದನ್ನೂ ಕಂಡ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿದಿನ ಬೆಳಗ್ಗೆ ಜಗಲಿಯಲ್ಲಿ ಕುಳಿತು, ಕ ಕಿ ಕು ಕೆ ಕೊ ಎಂದು ಮೊದಲನೆಯ ತರಗತಿಯ ಹುಡುಗನಂತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆನು. ತಕಾರದ ಸಾಲಿನಲ್ಲಿ 'ತ ತಿ ತು' ಎಂದು ಬರುವುದಿಲ್ಲ, 'ತ ಚಿ ತ್ಸು' ಎಂದು ಬರುತ್ತದೆ. ನಾನು ಅಲ್ಲಿ ದಿನವೂ ಎಡವುವೆನು. ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ನನ್ನ ಮನೆಯವಳು ಅಲ್ಲಿಂದಲೇ 'ಚಿ, ತ್ಸು' ಎಂದು ತಿದ್ದುವಳು. ಕಿವಿಯ ಮೇಲೆ ಬಿದ್ದು ಬಂದಿರಬೇಕೆಂದು ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಸಮುದ್ರವನ್ನು ದಾಟುವ ಪ್ರಶ್ನೆಯನ್ನು ನನ್ನ ಅಣ್ಣಯ್ಯನು ಎತ್ತಿದನು. ಆತನಿಗೆ ಈಗ ಎಪ್ಪತ್ತೆಂಟು. ಬೌಧಾಯನನು ಸಮುದ್ರಯಾನವನ್ನು ಪಾತಿತ್ಯದ ಕಾರಣಗಳಲ್ಲಿ ಎಣಿಸಿರುವುದನ್ನು ಆತನು ಮರೆತಿರಲಿಲ್ಲ. ನಾನು ಉತ್ತರವಾಗಿ ಬೋಧಿಸೇನನ ಕಥೆಯನ್ನು ಹೇಳಿದೆನು. ದಕ್ಷಿಣ ಭಾರತದ ಈ ಭಿಕ್ಷುವು ಚೀನದ ಮಾರ್ಗವಾಗಿ 736ರಲ್ಲಿ ಜಪಾನನ್ನು ಸೇರಿದನು. ಅಲ್ಲಿಯ ಜನರು ಅವನನ್ನು ಕರೆದುದೇ 'ಬ್ರಾಹ್ಮಣ ಆಚಾರ್ಯ' ಎಂಬ ಅರ್ಥದ ಹೆಸರಿನಿಂದ. 752ರಲ್ಲಿ ನಾರಾ ಪಟ್ಟಣದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನವನ್ನು ಮಾಡಿದವನು ಈತನೇ. ಕುಂಚಕ್ಕೆ ಕಟ್ಟಿದ ಉದ್ದವಾದ ದಾರಗಳನ್ನು ನೆರೆದವರೆಲ್ಲರೂ ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲುಗೊಂಡರಂತೆ. ಆ ಕುಂಚವೂ ನೀಲಿಯ ದಾರವೂ ನಾರಾದ ಶೋಸೋಇನ್ ಭಂಡಾರದಲ್ಲಿ ಈಗಲೂ ಉಳಿದಿವೆ. ನಮ್ಮ ಕಾಲಕ್ಕೆ ಸಮೀಪದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ರಜೆ ಪಡೆದು ಜಪಾನನ್ನು ನೋಡಿಬಂದರು. ಅಣ್ಣಯ್ಯನು ಎಲ್ಲವನ್ನೂ ಕೇಳಿ, "ಬೋಧಿಸೇನ ತಿರುಗಿ ಬಂದನೇನೋ?" ಎಂದು ಕೇಳಿದನು. ಬರಲಿಲ್ಲ, 760ರಲ್ಲಿ ಅಲ್ಲಿಯೇ ತೀರಿಕೊಂಡನು. ನಾನು ಮಾತನ್ನು ಬೇರೆ ಕಡೆಗೆ ತಿರುಗಿಸಿದೆನು.

ಬೆಂಗಳೂರಿನಲ್ಲಿರುವ ನನ್ನ ಮಗಳು, "ಅಪ್ಪಯ್ಯ, ಪ್ಯಾಕೇಜಿನಲ್ಲಿ ಹೋಗಿಬನ್ನಿ. ಊಟ, ವಸತಿ, ಬಸ್ಸು ಎಲ್ಲ ಅವರೇ ನೋಡಿಕೊಳ್ಳುತ್ತಾರೆ" ಎಂದಳು. ಪಟ್ಟಿಯನ್ನು ತರಿಸಿ ನೋಡಿದೆನು. ಟೋಕಿಯೋ ಇತ್ತು, ಫೂಜಿ ಪರ್ವತವಿತ್ತು, ಮಕ್ಕಳ ವಿನೋದೋದ್ಯಾನವಿತ್ತು, ಅಂಗಡಿಬೀದಿಗೆ ಎರಡು ಮಧ್ಯಾಹ್ನಗಳಿದ್ದವು. ನನ್ನ ಕಲ್ಲು ಇರಲಿಲ್ಲ. ಆದಕಾರಣ ಒಬ್ಬನೇ, ಬೆನ್ನಿನ ಮೇಲೆ ಹೊರುವಷ್ಟೇ ಸಾಮಾನಿನೊಂದಿಗೆ ಹೋಗತಕ್ಕದ್ದೆಂದು ನಿಶ್ಚಯಿಸಿದೆನು. ಮಗಳು ಒಂದು ಬೆನ್ನುಚೀಲವನ್ನು ಕಳುಹಿಸಿದಳು. ಅದರ ಚೀಟಿಯಲ್ಲಿ ನಲವತ್ತು ಲೀಟರ್ ಎಂದು ಬರೆದಿತ್ತು. ಹಾಲು, ಸೀಮೆಎಣ್ಣೆಗಳನ್ನು ಲೀಟರಿನಲ್ಲಿ ಅಳೆದದ್ದನ್ನು ಕಂಡಿದ್ದೆನು. ಬಟ್ಟೆಯ ಚೀಲವನ್ನು ಅಳೆದದ್ದನ್ನು ಕಂಡಿರಲಿಲ್ಲ.

ಜಪಾನಿನ ವೀಸಾಕ್ಕೆ ಅರ್ಜಿ ಹಾಕುವವರು ಅಲ್ಲಿ ಕಳೆಯುವ ಪ್ರತಿಯೊಂದು ದಿನವನ್ನೂ ತಾರೀಖುವಾರಾಗಿ ಬರೆದು ಕೊಡಬೇಕು: ಇಂಥ ದಿನ ಇಂಥ ಊರು, ಇಂಥಲ್ಲಿ ವಸತಿ. ಹಲವರಿಗೆ ಇದು ಪೀಡೆಯೆನ್ನಿಸಬಹುದು. ಮೇಘದೂತವನ್ನು ಮೂವತ್ತಮೂರು ವರ್ಷ ಪಾಠ ಹೇಳಿದವನಿಗೆ ಹಾಗೆನ್ನಿಸಲಿಲ್ಲ. ಯಕ್ಷನು ಮೋಡಕ್ಕೆ ಮೊದಲು ಸಂದೇಶವನ್ನು ಹೇಳುವುದಿಲ್ಲ, ದಾರಿಯನ್ನು ಹೇಳುತ್ತಾನೆ. ಯಾವ ಬೆಟ್ಟದಲ್ಲಿ ತಂಗಬೇಕು, ಯಾವ ನದಿಯ ನೀರನ್ನು ಕುಡಿಯಬೇಕು, ಸ್ವಲ್ಪ ಸುತ್ತಾದರೂ ಉಜ್ಜಯಿನಿಯನ್ನು ಏಕೆ ನೋಡಿಯೇ ಹೋಗಬೇಕು ಎಂಬುದೆಲ್ಲ ಮುಗಿದ ಮೇಲೆಯೇ ಅಲಕಾಪುರಿ. ನಾನೂ ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಹನ್ನೊಂದು ದಿನಗಳ ಮಾರ್ಗವನ್ನು ಬರೆದೆನು.

ಕಾಲವು ಅಕ್ಟೋಬರ್ ಕಡೆಯ ವಾರ. ಚೈತ್ರದಲ್ಲಿ ಚೆರ್ರಿ ಹೂವು ಅರಳುವಾಗ ಜನರ ಸಂದಣಿ, ಬೇಸಗೆಯಲ್ಲಿ ಸೆಕೆ, ಆಗಸ್ಟ್, ಸೆಪ್ಟೆಂಬರುಗಳಲ್ಲಿ ಚಂಡಮಾರುತದ ಭಯ. ಅಕ್ಟೋಬರ್ ಕೊನೆಗೆ ಕೋಯಾ ಬೆಟ್ಟದಲ್ಲಿ ಎಲೆಗಳು ಕೆಂಪಾಗುತ್ತವೆ. ನಾರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಶೋಸೋಇನ್ ಭಂಡಾರದ ಕೆಲವು ವಸ್ತುಗಳನ್ನು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಇಡುವುದೂ ಆ ಸುಮಾರಿನಲ್ಲಿಯೇ. ಸಿಂಗಪುರದಲ್ಲಿ ವಿಮಾನವನ್ನು ಬದಲಿಸಿ, ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ 1994ರಲ್ಲಿ ತೆರೆದ ಕನ್ಸಾಯ್ ನಿಲ್ದಾಣದಲ್ಲಿ ಇಳಿಯುವುದು. ಓಸಾಕಾದಲ್ಲಿ ಒಂದು ರಾತ್ರಿ, ನಾರಾದಲ್ಲಿ ಮೂರು, ಕೋಯಾದಲ್ಲಿ ಎರಡು, ಕ್ಯೋತೋದಲ್ಲಿ ನಾಲ್ಕು. ಕ್ಯೋತೋದ ತೋಜಿ ದೇವಾಲಯದಲ್ಲಿ ಹಂಸಗಳ ಮೇಲೆ ಕುಳಿತ ಬ್ರಹ್ಮನೂ ಆನೆಯ ಮೇಲೆ ಕುಳಿತ ಇಂದ್ರನೂ ಇದ್ದಾರೆ. ಅವರನ್ನು ಮಾತನಾಡಿಸದೆ ಬರಲಾದೀತೆ?

ಖರ್ಚಿನ ವಿಷಯದಲ್ಲಿ ಒಂದು ಮಾತನ್ನು ಹೇಳುವುದು ಇತರರಿಗೂ ಉಪಯೋಗವಾದೀತು. ದೇಶವೆಲ್ಲ ಸುತ್ತುವ ರೈಲ್ವೆ ಪಾಸನ್ನು ಕೊಳ್ಳಬೇಕೆಂದು ಎಲ್ಲರೂ ಹೇಳುವರು. 2023ರ ಅಕ್ಟೋಬರಿನಲ್ಲಿ ಅದರ ಬೆಲೆಯನ್ನು ಏರಿಸಿ, ಏಳು ದಿನದ್ದು 29,650 ಯೆನ್ ಇದ್ದುದನ್ನು 50,000 ಯೆನ್ ಮಾಡಿದರು. ನನ್ನ ಹಾಗೆ ಅಕ್ಕಪಕ್ಕದ ನಾಲ್ಕು ಊರುಗಳನ್ನಷ್ಟೇ ನೋಡುವವರಿಗೆ ಅದು ನಷ್ಟ. ಮೇಲಾಗಿ ಕೋಯಾಕ್ಕೆ ಹೋಗುವ ನಂಕಾಯ್ ರೈಲು ಖಾಸಗಿಯಾದುದರಿಂದ ಆ ಪಾಸು ಅಲ್ಲಿ ನಡೆಯುವುದೂ ಇಲ್ಲ. 'ಇಕೋಕಾ' ಎಂಬ ಚೀಟಿಯೊಂದಕ್ಕೆ ಹಣ ತುಂಬಿಸಿಕೊಂಡರೆ ರೈಲು ಬಸ್ಸುಗಳೆರಡಕ್ಕೂ ಸಾಕು.

ಊಟವು ದೊಡ್ಡ ತೊಡಕು. ಕಣ್ಣಿಗೆ ಬರಿಯ ಸೊಪ್ಪು, ಶ್ಯಾವಿಗೆಯಂತೆ ಕಾಣುವ ಸಾರಿನಲ್ಲಿಯೂ ಒಣಮೀನಿನ ಕಷಾಯವಿರುತ್ತದೆ. 'ಮೀನು, ಮಾಂಸ, ಅವುಗಳ ಸಾರು ಯಾವುದೂ ಬೇಡ' ಎಂದು ಅವರ ಭಾಷೆಯಲ್ಲಿ ಬರೆದ ಚೀಟಿಯನ್ನು ಮಗಳು ಅಚ್ಚು ಮಾಡಿಸಿಕೊಟ್ಟಳು. ಕೋಯಾ ಬೆಟ್ಟದಲ್ಲಿ ಮಾತ್ರ ಈ ಭಯವಿಲ್ಲ. ಅಲ್ಲಿಯ ನೂರಹದಿನೇಳು ದೇವಾಲಯಗಳ ಪೈಕಿ ಸುಮಾರು ಐವತ್ತರಲ್ಲಿ ಯಾತ್ರಿಕರಿಗೆ ವಸತಿಯುಂಟು. ಅಲ್ಲಿಯ ಅಡಿಗೆಯಲ್ಲಿ ಮೀನು ಮಾಂಸಗಳು ನಿಷಿದ್ಧ. ಈರುಳ್ಳಿ ಬೆಳ್ಳುಳ್ಳಿಗಳೂ ಸಂಪ್ರದಾಯದಲ್ಲಿ ವರ್ಜ್ಯವೆಂದು ತಿಳಿದಾಗ ಅಣ್ಣಯ್ಯನ ಮುಖವೂ ಸ್ವಲ್ಪ ಸಡಿಲವಾಯಿತು. ಸಂಜೆ ಆರಕ್ಕೆ ಮುಂಚೆಯೇ ಊಟ, ಬೆಳಗ್ಗೆ ಆರರ ಹೊತ್ತಿಗೆ ಪೂಜೆ. ಸ್ನಾನವು ಸಾಮೂಹಿಕ ಕೊಳದಲ್ಲಿ. ಅಲ್ಲಿ ಹೊರಗೆ ಕುಳಿತು ಮೈ ತೊಳೆದುಕೊಂಡ ಮೇಲೆಯೇ ನೀರಿಗೆ ಇಳಿಯಬೇಕೆಂಬ ನಿಯಮವು ನನಗೆ ಒಪ್ಪಿಗೆಯಾಯಿತು. ಮೈಮೇಲೆ ಏನೂ ಇರಕೂಡದೆಂಬ ನಿಯಮವನ್ನು ಇನ್ನೂ ಒಪ್ಪಿಲ್ಲ.

ಇನ್ನು ಚೀಲ. ವಿಮಾನದಲ್ಲಿ ಕೈಯೊಂದಿಗೆ ಒಯ್ಯಲು ಏಳು ಕಿಲೋ ಮಿತಿ. ನಾನು ತುಂಬಿದ ಚೀಲವನ್ನು ಶೆಟ್ಟರ ಅಂಗಡಿಯ ತಕ್ಕಡಿಯಲ್ಲಿಟ್ಟಾಗ ಹನ್ನೊಂದು ಕಿಲೋ ನಾಲ್ಕುನೂರು ಗ್ರಾಂ ಬಂದಿತು. ಮನೆಯವಳು ಅದನ್ನು ನಡುಮನೆಯಲ್ಲಿ ಸುರಿದು, ಒಂದೊಂದನ್ನೂ ಎತ್ತಿ ಹಿಡಿದು, "ಇದಿಲ್ಲದೆ ನಡೆಯುವುದಿಲ್ಲವೇ?" ಎಂದು ಕೇಳುತ್ತ ಹೋದಳು. ಹಿತ್ತಾಳೆಯ ಚೊಂಬು ಹೋಯಿತು. ಎರಡನೆಯ ಕಂಬಳಿ ಹೋಯಿತು. ಅಮರಕೋಶವು ಹೋಗುವಾಗ ನಾನು ಪ್ರತಿಭಟಿಸಿದೆನು, "ಬಾಯಿಗೆ ಬರುವುದಲ್ಲ?" ಎಂದಳು. ಚಟ್ನಿಪುಡಿ, ಮೆಂತ್ಯದ ಹಿಟ್ಟುಗಳು ಉಳಿದವು. ಸೊಪ್ಪು, ಹಣ್ಣು, ಬೀಜಗಳನ್ನು ಆ ದೇಶದೊಳಕ್ಕೆ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲವಾದುದರಿಂದ ವೀಳ್ಯದೆಲೆಗೆ ನಮಸ್ಕಾರ ಹೇಳಬೇಕಾಯಿತು. ರಕ್ತದೊತ್ತಡದ ಮಾತ್ರೆಗಳನ್ನು ಹನ್ನೊಂದು ದಿನಕ್ಕೆ ಎಣಿಸಿ, ವೈದ್ಯರ ಚೀಟಿಯೊಡನೆ ಪ್ರತ್ಯೇಕ ಕಟ್ಟಿದಳು. ಮತ್ತೆ ತೂಗಿದಾಗ ಆರು ಕಿಲೋ ಎಂಟುನೂರು. ಇಷ್ಟರವರೆಗೆ ಎಲ್ಲವೂ ನನ್ನ ಹೊಗಳಿಕೆಯೇ ಆಯಿತು.

ಒಂದು ಸಂಜೆ ಕೋಯಾದ ದಾರಿಯನ್ನು ಆಕೆಗೆ ಓದಿ ಹೇಳುತ್ತಿದ್ದೆನು. ಬೆಟ್ಟದ ಬುಡದಲ್ಲಿ ಕುದೋಯಾಮಾ ಎಂಬ ಊರು. ಅಲ್ಲಿಯ ಜಿಸೋನ್‌ಇನ್ ಎಂಬ ದೇವಾಲಯದಿಂದ ಮೇಲಿನ ಗರ್ಭಮಂದಿರದವರೆಗೆ ಹಳೆಯ ಕಾಲುದಾರಿಯುಂಟು. ಸುಮಾರು 109 ಮೀಟರಿಗೆ ಒಂದರಂತೆ ಆ ದಾರಿಯುದ್ದಕ್ಕೂ ನೂರೆಂಬತ್ತು ಕಲ್ಲುಗಳು. ಮೊದಲು ಮರದವು ಇದ್ದುದನ್ನು 13ನೆಯ ಶತಮಾನದಲ್ಲಿ ಕಲ್ಲಿನಲ್ಲಿ ಮಾಡಿದರು. ನಾನು ಚಿತ್ರದಲ್ಲಿ ಕಂಡದ್ದು ಅವುಗಳಲ್ಲೊಂದು. ಇಪ್ಪತ್ತು ಕಿಲೋಮೀಟರಿನ ಏರು, ಆರೇಳು ಗಂಟೆಗಳ ನಡಿಗೆ. ಆ ಬೆಟ್ಟದ ಕೊನೆಯಲ್ಲಿ, ಎರಡು ಲಕ್ಷಕ್ಕೂ ಮೇಲ್ಪಟ್ಟು ಸಮಾಧಿಗಳ ಆಚೆ, ಕೂಕಾಯ್ ಆಚಾರ್ಯನು 835ರಿಂದ ಸಮಾಧಿಯಲ್ಲಿ ಕುಳಿತೇ ಇದ್ದಾನೆಂದು ಭಕ್ತರ ನಂಬಿಕೆ. ದಿನಕ್ಕೆರಡು ಬಾರಿ ಆತನಿಗೆ ಇಂದಿಗೂ ನೈವೇದ್ಯವನ್ನು ಒಯ್ಯುತ್ತಾರೆ.

"ಹಾಗಾದರೆ ನಮ್ಮ ಮಂತ್ರಾಲಯದ ರಾಯರ ಹಾಗೆ" ಎಂದಳು ಆಕೆ. ಮೂರು ತಿಂಗಳು ಓದಿದ ನನಗೆ ಈ ಹೋಲಿಕೆಯು ಹೊಳೆದಿರಲಿಲ್ಲ. ಮತ್ತೆ ಸ್ವಲ್ಪ ತಡೆದು, "ಬುಡದ ದೇವಾಲಯ ಯಾತಕ್ಕೆ? ಅಲ್ಲಿ ಯಾರಿದ್ದರು?" ಎಂದು ಕೇಳಿದಳು.

ಅಲ್ಲಿ ಇದ್ದವಳು ಆಚಾರ್ಯನ ತಾಯಿ. ಮಗನನ್ನು ನೋಡಬೇಕೆಂದು ಮುಪ್ಪಿನಲ್ಲಿ ದೂರದಿಂದ ಬಂದಳು. ಬೆಟ್ಟದ ಮೇಲೆ ಹೆಂಗಸರಿಗೆ ಪ್ರವೇಶವಿರಲಿಲ್ಲ, ತಾಯಿಗೂ ಇರಲಿಲ್ಲ. ಆಕೆ ತಪ್ಪಲಲ್ಲಿಯೇ ಉಳಿದಳು. ಮಗನು ತಿಂಗಳಿಗೆ ಒಂಬತ್ತು ಬಾರಿ ಇಳಿದು ಬರುತ್ತಿದ್ದನೆಂದೂ, ಆದುದರಿಂದಲೇ ಆ ಊರಿಗೆ 'ಒಂಬತ್ತು ಬಾರಿಯ ಬೆಟ್ಟ' ಎಂಬ ಹೆಸರು ಬಂದಿತೆಂದೂ ಐತಿಹ್ಯ. ಅನಂತರದ ಹೆಂಗಸರಿಗಾಗಿ ಬೆಟ್ಟದ ಒಂದೊಂದು ಬಾಗಿಲ ಹೊರಗೂ ಒಂದು ಸ್ತ್ರೀಮಂದಿರವನ್ನು ಕಟ್ಟಿದರು. ಅಲ್ಲಿಯವರೆಗೆ ಬಂದು, ಒಳಗಿನ ದೇವರನ್ನು ಹೊರಗಿನಿಂದಲೇ ನೆನೆದು, ಬೆಟ್ಟದ ಅಂಚಿನ ಕಾಲುದಾರಿಯಲ್ಲಿ ಸುತ್ತು ಬಂದು ಅವರು ಹಿಂದಿರುಗಬೇಕಾಗಿತ್ತು. ಏಳು ಮಂದಿರಗಳಲ್ಲಿ ಈಗ ಉಳಿದಿರುವುದು ಒಂದು. ಸರ್ಕಾರವು 1872ರಲ್ಲಿ ಈ ನಿಷೇಧವನ್ನು ರದ್ದುಪಡಿಸಿತು. ಬೆಟ್ಟದ ಮೇಲೆ ಅದು ಪೂರ್ತಿಯಾಗಿ ತೊಲಗುವುದಕ್ಕೆ 20ನೆಯ ಶತಮಾನದ ಆರಂಭದವರೆಗೆ ಹಿಡಿಯಿತು.

ಇಷ್ಟನ್ನು ಓದಿ ನಾನು ತಲೆಯೆತ್ತಿದಾಗ ಆಕೆ ನನ್ನನ್ನು ನೋಡುತ್ತಿರಲಿಲ್ಲ; ಗೋಡೆಗೆ ಒರಗಿಸಿದ್ದ ಚೀಲವನ್ನು ನೋಡುತ್ತಿದ್ದಳು. "ಪಾಪ, ಮಗನೇ ಕಟ್ಟಿದ ಬೆಟ್ಟ" ಎಂದಷ್ಟೇ ಹೇಳಿ ದೀಪ ಹಚ್ಚಲು ಎದ್ದುಹೋದಳು.

ಆ ರಾತ್ರಿ ನನಗೆ ಎರಡನೆಯ ಬಾರಿ ನಿದ್ದೆ ಹತ್ತಲಿಲ್ಲ. 1998ರಲ್ಲಿ ನಾನೂ ಅಣ್ಣಯ್ಯನೂ ಕಾಶಿಗೆ ಹೋದೆವು. ಆಗ ನಮ್ಮ ತಾಯಿಗೆ ಮೊದಲನೆಯ ಬಾರಿ ಪಾರ್ಶ್ವವಾಯು ತಗಲಿದ್ದು, ಮನೆಯಲ್ಲಿ ಹಸುವೊಂದು ಕರು ಹಾಕುವುದರಲ್ಲಿತ್ತು. ಯಾರಾದರೊಬ್ಬರು ಮನೆಯಲ್ಲಿರಬೇಕಾಗಿತ್ತು. ಆ ಒಬ್ಬರು ಯಾರೆಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 2009ರಲ್ಲಿ ಬದರಿಗೆ ಹೋದಾಗಲೂ ಹಾಗೆಯೇ. ಎರಡು ಸಾರಿಯೂ ನಾನು ಗಂಗೆಯ ಗಿಂಡಿಯನ್ನು ಹಿಡಿದು ಬಾಗಿಲಿಗೆ ಬಂದಾಗ ಆಕೆ ಕಾಲಿಗೆ ನೀರು ಕೊಟ್ಟು, ಆರತಿಯೆತ್ತಿ ಒಳಗೆ ಕರೆದುಕೊಂಡಳು. ಸಮಾರಾಧನೆಯ ಅಡಿಗೆಯನ್ನು ಮಾಡಿದಳು. ಬಂದವರೆಲ್ಲರಿಗೂ ನಾನು ಕಾಶಿಯ ವರ್ಣನೆಯನ್ನು ಮಾಡಿದೆನು. ಆಕೆ ಎಲೆ ಎತ್ತಿದಳು. 2016ರಲ್ಲಿ ನಮ್ಮ ತಾಯಿ ತೀರಿಕೊಂಡರು. ಕಡೆಯ ಏಳು ವರ್ಷ ಅವರನ್ನು ಎತ್ತಿ ಮಲಗಿಸಿದವಳು ಆಕೆ. ಈಗ ಆಕೆಯ ಮೊಣಕಾಲು ಕೆಟ್ಟಿರುವುದಕ್ಕೆ ವೈದ್ಯರು ವಯಸ್ಸೆಂದು ಕಾರಣ ಹೇಳುತ್ತಾರೆ. ನನಗೆ ತಿಳಿದ ಬೇರೆ ಕಾರಣವೂ ಉಂಟು.

ಈ ಸಾರಿಯೂ ನಾನು ಆಕೆಯನ್ನು ಕೇಳಿರಲಿಲ್ಲ. ಮೊಣಕಾಲಿನವಳು ಬೆಟ್ಟ ಹತ್ತುವುದುಂಟೇ ಎಂದು ನಾನೇ ತೀರ್ಮಾನಿಸಿ, ನೋಟುಪುಸ್ತಕದಲ್ಲಿ 'ಒಬ್ಬನೇ' ಎಂದು ಬರೆದುಬಿಟ್ಟಿದ್ದೆನು. ಅದನ್ನು ಪೌರುಷವೆಂದೂ ಭಾವಿಸಿದ್ದೆನು. ಆ ಬೆಟ್ಟದ ಭಿಕ್ಷುಗಳಿಗೆ ಗ್ರಂಥದ ಆಧಾರವಾದರೂ ಇತ್ತು. ನನಗೆ ಯಾವ ಆಧಾರವಿತ್ತು?

ಮರುದಿನ ಬೆಳಗ್ಗೆ ಕಾಫಿಯ ಲೋಟವನ್ನು ಹಿಡಿದುಕೊಂಡು, ನಲವತ್ತೊಂದು ವರ್ಷ ಸಂಸಾರ ಮಾಡಿದವನು ಮದುವೆಯ ಮಾತೆತ್ತುವ ಹುಡುಗನಂತೆ ತಡವರಿಸುತ್ತ, "ನೀನೂ ಬರುತ್ತೀಯೇನು?" ಎಂದು ಕೇಳಿದೆನು. ಆಕೆ ಒಡನೆ ಉತ್ತರ ಕೊಡಲಿಲ್ಲ. ಸಾಸಿವೆಯ ಡಬ್ಬಿಯ ಹಿಂದಿನಿಂದ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದಳು. ಅದರ ಹಿಂಬದಿಯ ಪುಟಗಳಲ್ಲಿ ಕಾನ ಅಕ್ಷರಗಳು ನಲವತ್ತಾರೂ ಸಾಲಾಗಿದ್ದವು, ನನ್ನವಕ್ಕಿಂತ ದುಂಡಗಿದ್ದವು. ಮುಂದಿನ ಪುಟದಲ್ಲಿ ಕೋಯಾದ ರೈಲಿನ ನಿಲ್ದಾಣಗಳನ್ನು ಕನ್ನಡದಲ್ಲಿ ಬರೆದಿದ್ದಳು.

"ಕಡೆಯ ನಿಲ್ದಾಣದಿಂದ ಮೇಲಕ್ಕೆ ಹಗ್ಗದ ಗಾಡಿಯಿದೆಯಂತಲ್ಲ, ಐದೇ ನಿಮಿಷವಂತೆ. ಮೊಬೈಲಿನಲ್ಲಿ ಮಗಳು ತೋರಿಸಿದಳು. ನೀವು ಅದನ್ನು ಹೇಳಲೇ ಇಲ್ಲ" ಎಂದಳು.

ಗಾಡಿಯಿರುವುದು ನನಗೆ ಗೊತ್ತಿತ್ತು. ನಾನು ನಡೆಯುವವನು, ನನಗೆ ಬೇಡವಾದುದರಿಂದ ಓದಿ ಹೇಳುವಾಗ ಆ ಸಾಲನ್ನು ಬಿಟ್ಟಿದ್ದೆನು. ಅಲ್ಲಿಗೆ ನಿಲ್ಲಿಸದೆ, "ಬರಬೇಕೆಂದು ಮನಸ್ಸಿದ್ದರೆ ಹೇಳಬಾರದಾಗಿತ್ತೇ?" ಎಂದು ಮೂರ್ಖನಂತೆ ಕೇಳಿದೆನು. "ನೀವು ಕೇಳಿದ್ದರೆ ಹೇಳುತ್ತಿದ್ದೆ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಮೇಲೆ ಯೋಜನೆಯನ್ನೆಲ್ಲ ಮೊದಲಿನಿಂದ ಮಾಡಿದೆವು. ಈಗ ಅದು ನನ್ನದಷ್ಟೇ ಅಲ್ಲವಾದುದರಿಂದ ಸ್ವಲ್ಪ ಚಿಕ್ಕದಾಯಿತು. ದಿನಕ್ಕೆ ಮೂರು ದೇವಾಲಯಗಳಿದ್ದುದು ಒಂದಾಯಿತು. ನೆಲದ ಮೇಲೆ ಹಾಸಿಗೆ ಹಾಸುವ ವಸತಿಗಳ ಬದಲು ಮಂಚವಿರುವವನ್ನು ಹುಡುಕಬೇಕಾಯಿತು; ಕೋಯಾದಲ್ಲಿ ಕುರ್ಚಿಯಲ್ಲಿ ಕುಳಿತು ಉಣ್ಣಲು ಅನುಕೂಲವುಳ್ಳ ದೇವಾಲಯಕ್ಕೆ ಪತ್ರ ಬರೆದಿದ್ದೇವೆ, ಉತ್ತರವನ್ನು ಕಾಯುತ್ತಿದ್ದೇವೆ. ಖರ್ಚು ಇಮ್ಮಡಿಯಾದುದರಿಂದ ಕ್ಯೋತೋದಲ್ಲಿ ಎರಡು ದಿನವನ್ನು ಕಡಿಮೆ ಮಾಡಿದೆವು. ವೈದ್ಯರು ಮೊಣಕಾಲಿಗೆ ಪಟ್ಟಿಯನ್ನೂ ಕೈಗೆ ಕೋಲನ್ನೂ ಹೇಳಿ, ಮೆಟ್ಟಿಲಿಳಿಯುವಾಗ ಎಚ್ಚರವೆಂದರು. ಹೊರಟ ಮೇಲೆ ನೋವು ಹೆಚ್ಚಾದರೆ? ಆಗಬಹುದು. ಹಾಗಾದ ದಿನ ಇಬ್ಬರೂ ಕೋಣೆಯಲ್ಲಿ ಕುಳಿತು ಕಿಟಕಿಯಿಂದ ಜಪಾನನ್ನು ನೋಡುವುದೆಂದು ಒಪ್ಪಂದವಾಗಿದೆ. ಆಕೆಯ ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು, "ಅಮ್ಮಾ, ಹಿಂದೆ ಎಲ್ಲೆಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದಾಗ ಆಕೆ, "ಧರ್ಮಸ್ಥಳ, ಶೃಂಗೇರಿ, ಮಂತ್ರಾಲಯ, ಒಮ್ಮೆ ಮೈಸೂರು" ಎಂದು ಹೇಳಿ ಮುಗಿಸಿದಳು. ನಾನು ಪಕ್ಕದಲ್ಲಿ ನಿಂತು ಕಂಬವನ್ನು ನೋಡುತ್ತಿದ್ದೆನು. ಚೀಲಗಳು ಈಗ ಎರಡು. ಅವಳದು ಐದು ಕಿಲೋ. ನನ್ನದರಿಂದ ಇನ್ನೂ ಮುನ್ನೂರು ಗ್ರಾಂ ತೆಗೆಸಿದ್ದಾಳೆ.

ಹಳೆಯ ಕಾಲುದಾರಿಯನ್ನು ನಾನು ಬಿಟ್ಟುಬಿಡುವೆನೆಂದಾಗ ಆಕೆ ಒಪ್ಪಲಿಲ್ಲ. "ಕಲ್ಲಿಗಾಗಿ ಹೊರಟವರು ಕಲ್ಲನ್ನು ನೋಡಬೇಕು" ಎಂಬುದು ಆಕೆಯ ತೀರ್ಪು. ಆದಕಾರಣ ಏರ್ಪಾಟು ಹೀಗಾಗಿದೆ: ಓಸಾಕಾದ ನಂಬಾ ನಿಲ್ದಾಣದಲ್ಲಿ ಬೆಳಗ್ಗೆ ಇಬ್ಬರೂ ಒಂದೇ ರೈಲನ್ನು ಹತ್ತುವೆವು. ಕುದೋಯಾಮಾದಲ್ಲಿ, ಆಚಾರ್ಯನ ತಾಯಿಯು ಉಳಿದುಕೊಂಡ ಆ ತಪ್ಪಲಿನ ಊರಿನಲ್ಲಿ, ನಾನು ಇಳಿಯುವೆನು. ಆಕೆ ಇಳಿಯುವುದಿಲ್ಲ. ಅದೇ ಹಳಿಯ ಮೇಲೆ ಮುಂದೆ ಹೋಗಿ, ಗೋಕುರಾಕುಬಾಶಿ, ಎಂದರೆ ಸುಖಾವತಿಯ ಸೇತುವೆ ಎಂಬ ಕಡೆಯ ನಿಲ್ದಾಣದಲ್ಲಿ ಇಳಿದು, ಹಗ್ಗದ ಗಾಡಿಯಲ್ಲಿ ಮುನ್ನೂರು ಮೀಟರಿಗೂ ಮಿಕ್ಕು ಏರಿ, ಅಲ್ಲಿಂದ ಬಸ್ಸಿನಲ್ಲಿ ಕುಳಿತುಕೊಳ್ಳುವಳು. ಆ ಬಸ್ಸು ಸ್ತ್ರೀಮಂದಿರದ ಎದುರಿನಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಒಂದು ದೀಪವನ್ನು ಹಚ್ಚಿ, ಬಾಗಿಲನ್ನು ದಾಟಿ ಒಳಗೆ ಹೋಗುವುದಾಗಿ ಹೇಳಿದ್ದಾಳೆ. ನಾನು ನೂರೆಂಬತ್ತು ಕಲ್ಲುಗಳನ್ನು ಎಣಿಸುತ್ತ ಏದುಸಿರು ಬಿಡುತ್ತ ಮೇಲಕ್ಕೆ ಬರುವಾಗ ಆಕೆ ಸ್ನಾನ ಮುಗಿಸಿ ಚಹಾ ಕುಡಿಯುತ್ತಿರುವಳು. ನನ್ನ ಕಾಲಿಗೆ ನೀರು ಕೊಡಲು ಮಾತ್ರ ಏಳಕೂಡದೆಂದು ಮಾತು ತೆಗೆದುಕೊಂಡಿದ್ದೇನೆ.

ಹೊರಡುವ ದಿನ ಮನೆದೇವರ ಮುಂದೆ ಕುಳಿತು ಸಂಕಲ್ಪ ಮಾಡುವುದು ನಮ್ಮ ಮನೆಯ ಪದ್ಧತಿ. ಅದರಲ್ಲಿ ಕರ್ತೃವಿನ ಗೋತ್ರ ನಾಮಗಳಾದ ಮೇಲೆ 'ಧರ್ಮಪತ್ನೀಸಮೇತಸ್ಯ' ಎಂಬ ಪದವು ಬರುತ್ತದೆ. ಕಾಶಿಗೆ ಹೊರಟಾಗಲೂ ಅದನ್ನು ಹೇಳಿದ್ದೆನು. ಬದರಿಗೆ ಹೊರಟಾಗಲೂ ಹೇಳಿದ್ದೆನು. ವ್ಯಾಕರಣವನ್ನು ಕಲಿಸಿ ಸಂಬಳ ಪಡೆದವನಿಗೆ ಆ ಸಮಾಸದ ಅರ್ಥವು ತಿಳಿದಿರಲಿಲ್ಲವೆಂದು ಹೇಳಲಾರೆನು. ಈ ಅಕ್ಟೋಬರಿನಲ್ಲಿ ಅದನ್ನು ಮೂರನೆಯ ಸಾರಿ ಹೇಳುವೆನು.